ಕೈಬಿಚ್ಚಿ ನೀಡಿದ ಗಾಳಿ

ನೀವು ಮಾಡುವ ಕೆಲಸವೇನು ಎಂದು ಯಾರಾದರೂ ಕೇಳಿದರೆ ನಾನು "ತೂತು ಸಣ್ಣದು ಮಾಡುವುದು" ಎನ್ನುತ್ತೇನೆ. ಕೇಳಿದವರು ನಗುತ್ತಾರೆ, ನಾನು ನಗುವುದಿಲ್ಲ. ಅದಕ್ಕಿಂತ ಸರಿಯಾದ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ. ತೆಂಗಿನ ಕರಟವನ್ನು ಗಾಳಿ ಸೋಕದಂತೆ ಸುಟ್ಟರೆ ಇದ್ದಿಲಾಗುತ್ತದೆ. ಆ ಇದ್ದಿಲಿನೊಳಗೆ ಕಣ್ಣಿಗೆ ಕಾಣದ ರಂಧ್ರಗಳು ಲೆಕ್ಕವಿಲ್ಲದಷ್ಟಿರುತ್ತವೆ. ಅವುಗಳ ಬಾಯಿಯನ್ನು ಬೇಕಾದಷ್ಟೇ ಕಿರಿದು ಮಾಡಿದರೆ ಗಾಳಿಯಲ್ಲಿರುವ ಒಂದು ಅನಿಲ ಒಳಗೆ ಹೋಗುತ್ತದೆ, ಇನ್ನೊಂದು ಹೊರಗೇ ಉಳಿಯುತ್ತದೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಾಗಿಲಲ್ಲೇ ನಿಲ್ಲಿಸಬೇಕು ಎನ್ನುವುದಷ್ಟೇ ನನ್ನ ವಿದ್ಯೆ. ಪುಣೆಯಲ್ಲಿ ಅದನ್ನು ಕಲಿತೆ, ಅದರಲ್ಲೇ ತಲೆಗೂದಲು ಬೆಳ್ಳಗಾಯಿತು.

ಬಾಗಿಲಲ್ಲಿ ಯಾರನ್ನೂ ನಿಲ್ಲಿಸದ ಮನೆಯಲ್ಲಿ ಹುಟ್ಟಿದವಳು ಇಂಥ ಕೆಲಸಕ್ಕೆ ಹೇಗೆ ಬಿದ್ದಳೋ ದೇವರೇ ಬಲ್ಲ. ಅಪ್ಪ ಬಿಜಾಪುರದ ಕಡೆಯವನು. ಪುಣೆಯ ಒಂದು ಪೇಟೆಯಲ್ಲಿ ಹಳೇ ವಾಡೆಯ ಕೆಳಗಿನ ಎರಡು ಖೋಲಿ ಹಿಡಿದು ಖಾನಾವಳಿ ನಡೆಸುತ್ತಿದ್ದ. ಮುಂದಿನ ಖೋಲಿಯಲ್ಲಿ ಊಟ, ಹಿಂದಿನದರಲ್ಲಿ ಅಡುಗೆ, ಮೇಲಿನ ಮಾಳಿಗೆಯಲ್ಲಿ ಅಪ್ಪ, ಅವ್ವ, ನಾನು. ಬರುವವರೆಲ್ಲ ನಮ್ಮ ಕಡೆಯವರೇ: ಅಂಗಡಿಯ ಗುಮಾಸ್ತರು, ಮಾರ್ಕೆಟ್ ಯಾರ್ಡಿನ ಹಮಾಲರು, ಕಟ್ಟಡದ ಕೆಲಸಕ್ಕೆ ಬಂದ ಕಲಬುರ್ಗಿ, ಯಾದಗಿರಿಯ ಮಂದಿ. ದಿನವಿಡೀ ಬೀದಿಯಲ್ಲಿ ಮರಾಠಿ ಮಾತಾಡಿ ದಣಿದವರು ಹೊಸ್ತಿಲು ದಾಟುತ್ತಲೇ ಅಪ್ಪನ "ಬರ್ರಿ, ಕೂಡ್ರಿ" ಕೇಳಿ ಅರ್ಧ ಹೊಟ್ಟೆ ತುಂಬಿದವರಂತೆ ಕೂಡುತ್ತಿದ್ದರು.

ಊಟಕ್ಕೆ ಕೂತವನು ಸಾಕು ಅಂದ ಮೇಲೆ ಇನ್ನೊಂದು ರೊಟ್ಟಿ ಹಾಕುವುದು ನಮ್ಮಲ್ಲಿ ರಿವಾಜು. ಮೊದಲ ಸಾಕು ಸಂಕೋಚದ್ದು, ಎರಡನೆಯದು ಮರ್ಯಾದೆಯದು. ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದು ಮೈಯೆಲ್ಲ ಬಾಗಿಸಿದರೆ ಮಾತ್ರ ಅದು ನಿಜವಾದ ಸಾಕು. ಅಷ್ಟಾದರೂ ಅಪ್ಪ ಬೆರಳ ಸಂದಿಯಿಂದ ಒಂದು ತುಂಡು ತೂರಿಸದೆ ಬಿಡುತ್ತಿರಲಿಲ್ಲ. "ಸಾಕ್ ಅನ್ನೋದು ಬಾಯಿ ಮಾತು, ಹೊಟ್ಟಿ ಮಾತು ಬ್ಯಾರೆ ಇರತದ" ಎನ್ನುತ್ತಿದ್ದ. ಹಾಗೆ ನೀಡಿ ನೀಡಿ ಎಂದೂ ನಷ್ಟವಾಗಲಿಲ್ಲ ಎಂದು ಅವನ ನಂಬಿಕೆ. ಲಾಭವೂ ಆಗಲಿಲ್ಲ ಎಂದು ಅವ್ವ ಒಳಗಿನಿಂದ ಸೇರಿಸುತ್ತಿದ್ದಳು.

ರೊಟ್ಟಿ ಬಡಿಯುವವಳು ಅವ್ವ. ಹಿಂದಿನ ಖೋಲಿಗೆ ಕಿಟಕಿ ಇರಲಿಲ್ಲ. ಗೋಡೆಯ ಮೇಲ್ಗಡೆ ಒಂದು ಬೆಳಕಿಂಡಿ ಇತ್ತು, ಪಕ್ಕದವರು ಗೋಡೆ ಎಬ್ಬಿಸಿದ ಮೇಲೆ ಅದೂ ಕುರುಡಾಯಿತು. ಎರಡು ದೊಡ್ಡ ಶೇಗಡಿ ಒಲೆಗಳಲ್ಲಿ ಇದ್ದಿಲೋ ಕಲ್ಲಿದ್ದಲೋ ಸಿಕ್ಕಿದ್ದನ್ನು ಉರಿಸಿ, ಬೆಳಿಗ್ಗೆ ಕೂತವಳು ಮಧ್ಯಾಹ್ನಕ್ಕೆ ಏಳುತ್ತಿದ್ದಳು, ಸಂಜೆ ಮತ್ತೆ ಕೂಡುತ್ತಿದ್ದಳು. ಗ್ಯಾಸ್ ತಂದಾಗ ಗಿರಾಕಿಗಳು, ಕೆಂಡದ ರೊಟ್ಟಿಯ ರುಚಿ ಇದಕ್ಕಿಲ್ಲ ಬಿಡ್ರಿ ಅಂದರು. ಅಪ್ಪ ಶೇಗಡಿ ಮತ್ತೆ ಹಚ್ಚಿಸಿದ. ಆ ಗಿರಾಕಿಗಳ ನಾಲಿಗೆಗೆ ಬೆಂಕಿ ಬೀಳಲಿ ಎಂದು ನಾನು ಈಗ ಬೈದು ಏನು ಬಂತು. ಅವರಲ್ಲಿ ಅರ್ಧ ಮಂದಿ ಒಳ್ಳೆಯವರು, ನನ್ನನ್ನು ಎತ್ತಿ ಆಡಿಸಿದವರು.

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಊರ ಹೊರಗಿನ ಗುಡ್ಡದ ಕಡೆಯ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದ್ದು ತೊಂಬತ್ತರ ದಶಕದ ಮೊದಲಲ್ಲಿ. ಮೊದಲ ದಿನ ಸಂಜೆ ಮನೆಗೆ ಬಂದಾಗ ಉಗುರಿನ ಸಂದಿಯೆಲ್ಲ ಕಪ್ಪು. ಅವ್ವ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು.

"ಏನಿದು?"

"ಇದ್ದಲಿ ಪುಡಿ. ಪರಟಿ ಸುಟ್ಟು ಇದ್ದಲಿ ಮಾಡೂದು ನಮ್ಮ ಕೆಲಸ."

"ನಾ ಇದ್ದಲಿ ಊದಿ ಊದಿ ನಿನಗ ಸಾಲಿ ಕಲಿಸಿದ್ರ, ನೀ ಸಾಲಿ ಕಲತು ಮತ್ತ ಇದ್ದಲಿ ಸುಡಾಕ ಹೋದೇನು?" ಎಂದು ಅವ್ವ ನಕ್ಕಳು. ನಗು ಹೋಗಿ ಕೆಮ್ಮಾಯಿತು. ಆಗಿನ್ನೂ ನಾವು ಆ ಕೆಮ್ಮಿಗೆ ಹೆಸರಿಟ್ಟಿರಲಿಲ್ಲ. ಹೊಗೆ ಅಂದರೆ ಕೆಮ್ಮು ಇದ್ದದ್ದೇ ಎಂದುಕೊಂಡಿದ್ದೆವು.

ನನಗೆ ಕಲಿಸಿದವರು ಮಿತಭಾಷಿ ಮನುಷ್ಯ. ಎಲ್ಲರೂ ಸರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಇದ್ದಿಲನ್ನು ಮೊದಲು ಹಬೆಯಲ್ಲಿ ಕಾಯಿಸಿ ರಂಧ್ರ ದೊಡ್ಡದು ಮಾಡಬೇಕು. ಆಮೇಲೆ ಕುಲುಮೆಯ ಕೊಳವೆಯೊಳಗೆ ಬೆಂಜೀನಿನ ಆವಿ ಹಾಯಿಸಬೇಕು. ಆ ಶಾಖಕ್ಕೆ ಆವಿ ಒಡೆದು, ಅದರ ಇಂಗಾಲ ರಂಧ್ರದ ಬಾಯಿಯ ಸುತ್ತ ಮಸಿಯ ಹಾಗೆ ಕೂತು ಬಾಯನ್ನು ಕಿರಿದಾಗಿಸುತ್ತದೆ. ಆಮ್ಲಜನಕದ ಕಣಕ್ಕೂ ಸಾರಜನಕದ ಕಣಕ್ಕೂ ಗಾತ್ರದಲ್ಲಿರುವ ವ್ಯತ್ಯಾಸವನ್ನು ವ್ಯತ್ಯಾಸ ಎನ್ನಲೂ ನಾಚಿಕೆಯಾಗಬೇಕು, ಅಷ್ಟು ಕಡಿಮೆ. ಆ ಎರಡರ ನಡುವೆ ಬಾಯಿ ನಿಲ್ಲಬೇಕು. ಆಗ ಆಮ್ಲಜನಕ ಸರಸರ ಒಳಗೆ ಹೋಗಿ ರಂಧ್ರದ ಗೋಡೆಗೆ ಅಂಟಿಕೊಳ್ಳುತ್ತದೆ, ಸಾರಜನಕ ತಡವರಿಸುತ್ತದೆ. ಆವಿ ಒಂದಿಷ್ಟು ಕಡಿಮೆಯಾದರೆ ಇಬ್ಬರೂ ಒಳಗೆ. ಒಂದಿಷ್ಟು ಹೆಚ್ಚಾದರೆ ಬಾಯಿ ಮುಚ್ಚಿ ಇಬ್ಬರೂ ಹೊರಗೆ, ಮಾಡಿದ ಕೆಲಸವೆಲ್ಲ ಬೂದಿ.

ನಾನು ಎಷ್ಟು ಸಲ ಬೂದಿ ಮಾಡಿದ್ದೇನೋ. ಖಾನಾವಳಿಯವನ ಮಗಳಲ್ಲವೇ, ಕೈ ತಾನಾಗಿ ಇನ್ನೊಂದಿಷ್ಟು ನೀಡುತ್ತಿತ್ತು. ಮಾದರಿ ಚೆನ್ನಾಗಿ ಬರುತ್ತಿದೆ ಅನಿಸಿದರೆ ಇನ್ನೂ ಸ್ವಲ್ಪ ಆವಿ ಬಿಟ್ಟರೆ ಇನ್ನೂ ಚೆನ್ನಾಗುತ್ತದೆ ಎಂದು ಆಸೆ. ಸರ್ ಹಿಂದಿನಿಂದ ಬಂದು ಕವಾಟವನ್ನು ತಾವೇ ಮುಚ್ಚಿ, "ಪುರೇ" ಎಂದು ಒಂದೇ ಮಾತು ಹೇಳಿ ಹೋಗುತ್ತಿದ್ದರು. ಮರಾಠಿಯಲ್ಲಿ ಸಾಕು ಎಂದರ್ಥ. ಅವರ ಸಾಕು ಮೊದಲ ಸಲಕ್ಕೇ ನಿಜವಾದದ್ದು. ಅದನ್ನು ಕಲಿಯಲು ನನಗೆ ವರ್ಷಗಳು ಹಿಡಿದವು. ಇಂಗಾಲದ ಡೈಆಕ್ಸೈಡಿನ ಬಗ್ಗೆಯೂ ಅಲ್ಲೇ ಕಲಿತೆ. ಅದು ತೆಳ್ಳಗಿನ ಕಣ, ಸಲೀಸಾಗಿ ನುಗ್ಗುತ್ತದೆ, ನುಗ್ಗಿದ ಮೇಲೆ ಮಾತ್ರ ಸುಲಭಕ್ಕೆ ಹೊರಬೀಳುವುದಿಲ್ಲ. ಉಳಿದ ಅನಿಲಗಳು ಒತ್ತಡ ಇಳಿಸಿದೊಡನೆ ಹೊರಟುಹೋದರೆ ಇದನ್ನು ಪಂಪು ಹಾಕಿ ಎಳೆದು ತೆಗೆಯಬೇಕಾಗುತ್ತಿತ್ತು.

ಕೊನೆಗೊಮ್ಮೆ ಬಾಯಿ ಸರಿಯಾಗಿ ಕೂತ ಮಾದರಿ ಸಿಕ್ಕಿತು. ಕರೀ ಕಡಲೆಯಂಥ ನಾಲ್ಕು ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ತಂದೆ. ಅಪ್ಪ ಅಂಗೈ ಮೇಲೆ ಉರುಳಿಸಿ ನೋಡಿದ. ಇದರಿಂದ ಏನುಪಯೋಗ ಎಂದು ಕೇಳಿದ. ಗಾಳಿಯಿಂದ ಸಾರಜನಕ ಬೇರೆ ಮಾಡಿ ಕಾರಖಾನೆಗಳಿಗೆ ಕೊಡಬಹುದು, ಔಷಧ ಕೆಡದಂತೆ ಇಡಲು, ಚಿವಡಾ ಮೆತ್ತಗಾಗದಂತೆ ಪಾಕೀಟಿಗೆ ತುಂಬಲು ಬರುತ್ತದೆ ಅಂದೆ.

"ಮತ್ತ ಆಕ್ಸಿಜನ್ ಏನ್ ಮಾಡತೀರಿ?"

"ಅದನ್ನ ಹೊರಗ ಬಿಟ್ಟು ಬಿಡತೀವಿ."

ಅಪ್ಪನಿಗೆ ಸಿಟ್ಟೇ ಬಂತು. "ಉಣ್ಣೂ ಅನ್ನ ಚೆಲ್ಲಿ, ಖಾಲಿ ತಾಟು ಮಾರತೀರಿ ಅನ್ನು" ಅಂದ. ಅವ್ವ ಗೋಡೆಗೆ ಒರಗಿ ಕೂತು ನಗುತ್ತಿದ್ದಳು. ಅಷ್ಟು ಹೊತ್ತಿಗಾಗಲೇ ಅವಳು ಮಾಳಿಗೆಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಿರಲಿಲ್ಲ. ನಡುವೆ ಕೂತು, ಎಲ್ಲಿಗೂ ಅವಸರವಿಲ್ಲ ಎಂಬಂತೆ ಮುಖ ಮಾಡಿ, ಆಮೇಲೆ ಏಳುತ್ತಿದ್ದಳು.

ಆ ವರ್ಷದ ಚಳಿಗಾಲದಲ್ಲಿ ಅವ್ವ ಶೇಗಡಿಯ ಮುಂದೆ ಕೂಡುವುದು ನಿಂತಿತು. ಡಾಕ್ಟರು ಎದೆಯ ಚಿತ್ರ ತೆಗೆಸಿ, ಕೊಳವೆಗೆ ಊದಿಸಿ ನೋಡಿ, ಬೀಡಿ ಸೇದುತ್ತಾರೇನು ಎಂದು ಕೇಳಿದರು. ಅವ್ವನಿಗೆ ಅವಮಾನವಾಯಿತು. ಒಲೆಯ ಹೊಗೆಯೇ ಇಷ್ಟು ಮಾಡುತ್ತದೆ ಎಂದು ಗೊತ್ತಾದ ದಿನ ಅಪ್ಪ ಎರಡೂ ಶೇಗಡಿಗಳನ್ನು ಗುಜರಿಯವನಿಗೆ ಹಾಕಿ ಮತ್ತೆ ಗ್ಯಾಸ್ ತಂದ. ರುಚಿ ಇಲ್ಲ ಎಂದ ಗಿರಾಕಿಗೆ, "ರುಚಿ ಬೇಕಾದ್ರ ಬ್ಯಾರೆ ಕಡೆ ಉಣ್ರಿ" ಎಂದನಂತೆ. ಅಪ್ಪನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ತಡವಾಗಿತ್ತು.

ಮುಂದೆ ಆಕ್ಸಿಜನ್ ಸಿಲಿಂಡರ್ ಮನೆಗೆ ಬಂತು. ಹಮಾಲಿ ಕೆಲಸದ ಗಿರಾಕಿಗಳು ಮೂವರು ಅದನ್ನು ಮಾಳಿಗೆಗೆ ಹೊತ್ತು ತಂದು ಅವ್ವನ ಹಾಸಿಗೆಯ ಪಕ್ಕ ನಿಲ್ಲಿಸಿದರು. ಮೇಲೆ ಒಂದು ಗಾಜಿನ ನಳಿಗೆ, ಅದರಲ್ಲಿ ತೇಲುವ ಪುಟ್ಟ ಗುಂಡು, ಕೆಳಗೆ ನೀರಿನ ಬಾಟಲಿ, ಅದರಲ್ಲಿ ಗುಳುಗುಳು ಗುಳ್ಳೆ. ಡಾಕ್ಟರು ನಮ್ಮಿಬ್ಬರನ್ನೂ ಕೂಡಿಸಿಕೊಂಡು ಹೇಳಿದರು: ಗುಂಡು ಒಂದರ ಗೆರೆಯ ಮೇಲೇ ನಿಲ್ಲಬೇಕು. ಒಂದು ಲೀಟರ್, ಅಷ್ಟೇ. ರೋಗಿ ಎಷ್ಟೇ ಒದ್ದಾಡಿದರೂ ಮೇಲೇರಿಸಬೇಡಿ, ನನ್ನನ್ನು ಕೇಳಿ.

ಯಾಕೆಂದು ನಾನು ಕೇಳಿದೆ. ನನಗೆ ಅರ್ಥವಾಗುವ ಭಾಷೆಯಲ್ಲೇ ಅವರು ಹೇಳಿದರು. ಇಂಥ ಪುಪ್ಪುಸ ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕಲಾರದು, ಅದು ರಕ್ತದಲ್ಲೇ ಉಳಿಯುತ್ತ ಹೋಗುತ್ತದೆ. ಆಮ್ಲಜನಕದ ಕೊರತೆಯಲ್ಲೇ ಬದುಕಲು ಆ ಮೈ ಹೇಗೋ ಹೊಂದಿಕೊಂಡಿರುತ್ತದೆ. ಧಾರಾಳವಾಗಿ ಆಮ್ಲಜನಕ ಕೊಟ್ಟರೆ ಆ ಹೊಂದಾಣಿಕೆ ತಪ್ಪುತ್ತದೆ. ಒಳಗೆ ಕೆಟ್ಟ ಅನಿಲ ಏರುತ್ತದೆ, ರೋಗಿಗೆ ಮಂಪರು ಹತ್ತುತ್ತದೆ, ಉಸಿರು ಇಳಿಯುತ್ತದೆ. ನೋಡಿದವರಿಗೆ ಅದು ಒಳ್ಳೆಯ ನಿದ್ದೆಯ ಹಾಗೆ ಕಾಣುತ್ತದೆ.

ಒಂದಿಷ್ಟು ಹೆಚ್ಚಾದರೆ ಬಾಯಿ ಮುಚ್ಚುತ್ತದೆ ಎಂಬುದು ನನಗೆ ಪುಸ್ತಕದ ಮಾತಾಗಿರಲಿಲ್ಲ. ಅಪ್ಪನೂ ಪಕ್ಕದಲ್ಲೇ ಕೂತಿದ್ದ, "ಹೌದ್ರಿ, ಹೌದ್ರಿ" ಎಂದು ತಲೆಯಾಡಿಸುತ್ತಿದ್ದ. ಮನೆಗೆ ಬಂದ ಮೇಲೆ ನಾನು ಕನ್ನಡದಲ್ಲಿ ಮತ್ತೆ ಹೇಳಿದೆ. ಅದಕ್ಕೂ ತಲೆಯಾಡಿಸಿದ. ಕೇಳಿದ್ದ, ತಿಳಿದಿದ್ದ, ಆದರೆ ನಂಬಿರಲಿಲ್ಲ. ಬೇಡುವವಳಿಗೆ ಇಷ್ಟೇ ಸಾಕು ಎನ್ನುವ ವೈದ್ಯ ಅವನ ಕಣ್ಣಿಗೆ ಜಿಪುಣ ಯಜಮಾನನಂತೆ ಕಂಡಿರಬೇಕು.

"ನಿಮ್ಮಲ್ಲಿ ಹೊರಗ ಬಿಡೂ ಆಕ್ಸಿಜನ್ ಇಕಿಗಿ ತರಾಕ ಬರೂದಿಲ್ಲೇನು?" ಎಂದು ಒಮ್ಮೆ ಕೇಳಿದ. ಅದು ಶುದ್ಧವಾದದ್ದಲ್ಲ, ಇದ್ದಿಲ ಧೂಳು ಬೆರೆತಿರುತ್ತದೆ, ಉಸಿರಾಡಲು ಬಾರದು ಎಂದೆ. ನಂಬಿದ. ಆದರೆ ಆ ದಿನದಿಂದ ನಾನು ಕೆಲಸಕ್ಕೆ ಹೊರಟಾಗೆಲ್ಲ ಅವನ ಮುಖ ಸಣ್ಣದಾಗುತ್ತಿತ್ತು. ಪ್ರಯೋಗಾಲಯದಲ್ಲಿ ಕೊಳವೆಯ ಬಾಯಿಂದ ಸುಯ್ಯೆಂದು ಆಮ್ಲಜನಕ ಹೊರಗೆ ಹೋಗುವ ಸದ್ದು ಕೇಳಿದರೆ ನನಗೂ ಒಂದು ಥರ ಆಗುತ್ತಿತ್ತು. ಹಿಂದೆ ಆ ಸದ್ದಿಗೆ ನಾನು ಕಿವಿಗೊಟ್ಟವಳೇ ಅಲ್ಲ.

ಆ ಮಧ್ಯಾಹ್ನ ನಾನು ಮನೆಯಲ್ಲಿರಲಿಲ್ಲ. ಆಮೇಲೆ ಅಪ್ಪನೇ ಹೇಳಿದ್ದರಿಂದ ನನಗೆ ಗೊತ್ತು. ಊಟದ ಗದ್ದಲ ಮುಗಿದಿತ್ತು. ಅಪ್ಪ ಕೈ ತೊಳೆದು ಮಾಳಿಗೆಗೆ ಬಂದ. ಅವ್ವ ದಿಂಬುಗಳಿಗೆ ಆತು ಕೂತಿದ್ದಳು, ಬೆಳಿಗ್ಗೆಯಿಂದ ಏದುಸಿರು ತಗ್ಗಿರಲಿಲ್ಲ, ಎರಡು ದಿನದಿಂದ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ನಾನು ಹಾಕಿಟ್ಟ ಗುಂಡು ಒಂದರ ಮೇಲೆ ನಿಂತಿತ್ತು. "ಏನರೆ ಬೇಕೇನು?" ಎಂದು ಅಪ್ಪ ಕೇಳಿದ. "ಏನೂ ಬ್ಯಾಡ್ರಿ, ಸಾಕು" ಎಂದಳಂತೆ ಅವ್ವ.

ಸಾಕು ಎಂದವರಿಗೆ ಇನ್ನೊಂದು ನೀಡಿಯೇ ಬದುಕಿದವನು ಅವನು. ಸಿಲಿಂಡರಿನ ಕೀಲಿ ತಿರುಗಿಸಿದ. ಗುಂಡು ಮೇಲೇರಿತು, ಬಾಟಲಿಯ ನೀರು ಕೊತಕೊತ ಕುದಿದ ಹಾಗೆ ಗುಳ್ಳೆ ಎದ್ದಿತು. ಸ್ವಲ್ಪ ಹೊತ್ತಿಗೆ ಅವ್ವನ ಏದುಸಿರು ತಗ್ಗಿತು, ಕೆನ್ನೆಗೆ ಕೆಂಪು ಬಂತು, ಕಣ್ಣು ಮುಚ್ಚಿತು. ಅಪ್ಪನಿಗೆ ಆದ ಸಂತೋಷ ನಾನು ಊಹಿಸಬಲ್ಲೆ.

ಸಂಜೆ ಬೆಳಕಿರುವಾಗಲೇ ನಾನು ಬಂದೆ. ಅಪ್ಪ ಮೆಟ್ಟಿಲ ಬಾಯಲ್ಲೇ ನನ್ನನ್ನು ತಡೆದು, ತುಟಿಗೆ ಬೆರಳಿಟ್ಟು, ಪಿಸುಮಾತಿನಲ್ಲಿ ಹೇಳಿದ: "ಸದ್ದು ಮಾಡಬ್ಯಾಡ. ಭಾಳ ದಿನದ ಮ್ಯಾಲೆ ನಿದ್ದಿ ಹತ್ಯದ." ಅವನ ಮುಖ ಹಬ್ಬದ ಮುಖದಂತಿತ್ತು. ನಾನು ಚಪ್ಪಲಿ ಬಿಡುವ ಮೊದಲೇ ನನ್ನ ಕಿವಿಗೆ ಗುಳ್ಳೆಯ ಸದ್ದು ಬಿತ್ತು. ಅದು ಒಂದು ಲೀಟರಿನ ಸದ್ದಲ್ಲ. ಅನಿಲಗಳ ಜೊತೆ ದಿನವೆಲ್ಲ ಕಳೆಯುವವಳಿಗೆ ಅಷ್ಟೂ ತಿಳಿಯದೇ? ಓಡಿದೆ. ಗುಂಡು ನಾಲ್ಕನ್ನೂ ದಾಟಿತ್ತು. ಕೆಳಗಿಳಿಸಿ, ಅವ್ವನ ಹೆಗಲು ಅಲುಗಿಸಿದೆ, ಕೂಗಿದೆ, ಕೆನ್ನೆ ತಟ್ಟಿದೆ. ಅಪ್ಪ ಹಿಂದಿನಿಂದ, "ಯಾಕ ಎಬ್ಬಸಾಕತ್ತೀದಿ ಪಾಪ, ಮಲಗಲಿ ಬಿಡು" ಎನ್ನುತ್ತಲೇ ಇದ್ದ.

ಆಸ್ಪತ್ರೆಗೆ ಒಯ್ದೆವು. ಅಲ್ಲಿ ಮಾಡುವುದನ್ನೆಲ್ಲ ಮಾಡಿದರು. ಅವ್ವ ಮತ್ತೆ ಕಣ್ಣು ಬಿಡಲಿಲ್ಲ, ಮರುದಿನ ಹೋದಳು. ಡಾಕ್ಟರು ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತೀರಾ ಏರಿತ್ತು, ಆಕ್ಸಿಜನ್ ಹೆಚ್ಚು ಮಾಡಿದ್ದಿರಾ ಎಂದು ಕೇಳಿದರು. ಹೌದು ಎಂದೆ. ಯಾರು ಎಂದು ಅವರು ಕೇಳಲಿಲ್ಲ. ಪುಪ್ಪುಸ ಪೂರ್ತಿ ಸೋತಿತ್ತು, ಹೇಗೂ ಬಹಳ ದಿನ ಉಳಿದಿರಲಿಲ್ಲ ಎಂದರು. ನಿಜವಾಗಿ ಹೇಳಿದರೋ ನನ್ನ ಮುಖ ನೋಡಿ ಹೇಳಿದರೋ ನನಗೆ ಗೊತ್ತಿಲ್ಲ. ಅಪ್ಪ ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ನಾನು ಹತ್ತಿರ ಹೋಗುತ್ತಲೇ, "ಕಡೀಗೆ ಒಂದು ಒಳ್ಳೇ ನಿದ್ದಿ ಆದ್ರೂ ಮಾಡಿದ್ಲು" ಅಂದ. ನನಗೆ ಅವನ ಮೇಲೆ ಕೊಲ್ಲುವಷ್ಟು ಸಿಟ್ಟಿತ್ತು. ಆದರೂ ಆ ಮಾತು ಕೇಳಿದ ಮೇಲೆ, "ಹೌದು ಅಪ್ಪಾ" ಎಂದೆ.

ಆ ನಿದ್ದೆಯ ಮಾತನ್ನು ಅಪ್ಪ ಆಮೇಲೆ ಎಷ್ಟು ಮಂದಿಯ ಮುಂದೆ ಹೇಳಿದ. ಮಾತಾಡಿಸಲು ಬಂದ ಬೀಗರಿಗೆ, ಗಿರಾಕಿಗಳಿಗೆ, ಮಂಡಯಿ ಮಾರ್ಕೆಟ್ಟಿನ ಕಾಯಿಪಲ್ಲೆಯವಳಿಗೆ ಮರಾಠಿಯಲ್ಲಿ. ಉಳಿದ ದುಃಖವನ್ನೆಲ್ಲ ಅವನು ಆ ಒಂದು ಮಾತಿನ ಮೇಲೆ ಆನಿಸಿ ನಿಲ್ಲಿಸಿಕೊಂಡಿದ್ದ. ಅದನ್ನು ಕೇಳಿದಾಗೆಲ್ಲ ನಾನು ಏಳುತ್ತಿದ್ದೆ, ನೀರು ಕುಡಿದು ಬರುತ್ತಿದ್ದೆ. ಅವ್ವನಿಗಾಗಿ ಅಳಲು ಕೂಡ ನನಗೆ ಸರಿಯಾಗಿ ಆಗಲಿಲ್ಲ. ಅತ್ತರೆ ಎಲ್ಲಿ ಬಾಯಿ ತಪ್ಪಿ ಹೇಳಿಬಿಡುತ್ತೇನೋ ಎಂದು ಹೆದರಿಕೆ.

ವರ್ಷಗಳು ಹೋದವು. ವಾಡೆ ಕೆಡವಿದರು, ಖಾನಾವಳಿ ಅದರೊಟ್ಟಿಗೆ ಮುಗಿಯಿತು. ನಾನು ಪಿಎಚ್.ಡಿ. ಮುಗಿಸಿ, ಶಿರೂರಿನ ರಸ್ತೆಯಲ್ಲಿದ್ದ ಒಂದು ಸಣ್ಣ ಕಾರಖಾನೆಯಲ್ಲಿ ಸಾರಜನಕದ ಯಂತ್ರಗಳಿಗೆ ಇದ್ದಿಲ ಗುಳಿಗೆ ಮಾಡುವ ಕೆಲಸಕ್ಕೆ ಸೇರಿದೆ. ವಿಮಾನ ನಗರದಲ್ಲಿ ಎರಡು ಖೋಲಿಯ ಫ್ಲ್ಯಾಟ್ ತೆಗೆದುಕೊಂಡು ಅಪ್ಪನನ್ನು ಕರೆದುಕೊಂಡು ಹೋದೆ. ಮದುವೆಯಾಗಲಿಲ್ಲ, ಆ ಕತೆ ಇಲ್ಲಿ ಬೇಡ. ಅಪ್ಪನಿಗೆ ಅಲ್ಲಿ ನೀಡಲು ಮಂದಿಯೇ ಇರಲಿಲ್ಲ. ವಾಚಮನ್‌ನನ್ನು ಹಿಡಿದು ಕೂಡಿಸಿ ಉಣಿಸುತ್ತಿದ್ದ, ಕೊರಿಯರ್ ತಂದವನಿಗೆ ಚಹಾ ಕುಡಿಸುತ್ತಿದ್ದ. ಲಿಫ್ಟಿನಲ್ಲಿ ಸಿಕ್ಕವರನ್ನು ಊಟ ಆಯಿತೇ ಎಂದು ಕೇಳಿ ಅವರು ಗಲಿಬಿಲಿಯಾಗುವುದನ್ನು ನೋಡಿ ಬೇಸರಪಡುತ್ತಿದ್ದ.

ಅವನಿಗೆ ಸಿಕ್ಕ ಒಬ್ಬನೇ ಗೆಳೆಯ ಪಕ್ಕದ ಮನೆಯ ಮುದುಕರು. ಭೋರ್ ಕಡೆಯವರು, ಮಗ ಸೊಸೆಯ ಜೊತೆ ಇದ್ದರು. ಬೀಡಿ ಸೇದಿ ಸೇದಿ ಎದೆ ಕೆಟ್ಟಿತ್ತು. ಅವರ ಮನೆಗೆ ಸಿಲಿಂಡರಿನ ಬದಲು ಯಂತ್ರ ಬಂದಿತ್ತು. ಅದರೊಳಗಿನ ಗುಳಿಗೆಗಳು ಬೇರೆ ಜಾತಿಯವು, ನಮ್ಮವುಗಳಿಗೆ ತದ್ವಿರುದ್ಧ. ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದೆ ಬಿಡುತ್ತವೆ. ಅಪ್ಪನಿಗೆ ಅದು ಬಹಳ ಹಿಡಿಸಿತು. "ಇದು ನೋಡು ಧರ್ಮದ ಯಂತ್ರ" ಎಂದು ನನಗೆ ಚುಚ್ಚುತ್ತಿದ್ದ. ದಿನಾ ಮಧ್ಯಾಹ್ನ ಅಲ್ಲಿ ಹೋಗಿ ಕೂಡುತ್ತಿದ್ದ, ಇಬ್ಬರೂ ಮರಾಠಿಯಲ್ಲಿ ಹಳೇ ಪುಣೆಯ ಹೋಟೆಲುಗಳ ರುಚಿಯ ಬಗ್ಗೆ ಜಗಳಾಡುತ್ತಿದ್ದರು.

ಒಂದು ರವಿವಾರ ಊಟದ ಹೊತ್ತಿಗೆ ಅಪ್ಪ ಹೇಳಿದ: "ಪಾಪ, ಅಂವಗ ನಿದ್ದಿನಽ ಇಲ್ಲ. ಸೊಸೀಗಿ ಹೇಳಿ ಬಂದೀನಿ. ಹಂಗ ಜಿಪುಣತನ ಮಾಡಬ್ಯಾಡವ್ವಾ, ಧಾರಾಳ ಬಿಡು, ನಮ್ಮಾಕಿಗಿ ನಾ ಹಂಗ ಬಿಟ್ಟಿದ್ದೆ, ಎಷ್ಟು ಶಾಂತ ಮಲಗಿದ್ಲು ಅಂತ."

ತುತ್ತು ಕೈಯಲ್ಲೇ ಉಳಿಯಿತು. ಎಂಜಲುಗೈಯಲ್ಲೇ ಎದ್ದು ಪಕ್ಕದ ಮನೆಯ ಗಂಟೆ ಒತ್ತಿದೆ. ಸೊಸೆ ಬಾಗಿಲು ತೆಗೆದಳು. ಯಂತ್ರವನ್ನು ಈಗಷ್ಟೇ ಒಂದಿಷ್ಟು ಏರಿಸಿದ್ದೇನೆ, ನಿಮ್ಮಪ್ಪ ಹೇಳಿದರು ಅಂದಳು. ನಾನೇ ಒಳಗೆ ಹೋಗಿ ಇಳಿಸಿದೆ. ಮುದುಕರು ಎಚ್ಚರವಾಗಿದ್ದರು, ಏನಾಯಿತು ಎಂದು ಗಾಬರಿಯಿಂದ ನೋಡಿದರು. ಡಾಕ್ಟರರನ್ನು ಕೇಳದೆ ಎಂದೂ ಮುಟ್ಟಬೇಡಿ, ಯಾರು ಹೇಳಿದರೂ ಮುಟ್ಟಬೇಡಿ ಎಂದು ಸೊಸೆಗೆ ಎರಡು ಮೂರು ಸಲ ಹೇಳಿದೆ. ನನ್ನ ದನಿ ಕೇಳಿ ಅವಳು ಹೆದರಿದಳು. ಹೆದರಲಿ ಎಂದುಕೊಂಡೆ.

ಮರಳಿ ಬಂದಾಗ ಅಪ್ಪ ಸಿಟ್ಟಾಗಿ ಕೂತಿದ್ದ. ನಾಲ್ಕು ಮಂದಿಯಲ್ಲಿ ತನ್ನ ಮಾತು ತೆಗೆದುಹಾಕಿದೆ ಎಂದು. ಮೊದಲು ನಾನು ಸುತ್ತುಬಳಸಿ ಹೇಳಿದೆ. ಆ ಮನೆಯಲ್ಲಿ ಔಷಧದ ವಿಷಯ ಮಾತಾಡಬೇಡ, ಡಾಕ್ಟರು ಒಂದು ಲೆಕ್ಕ ಹಾಕಿರುತ್ತಾರೆ ಎಂದೆ.

"ಡಾಕ್ಟರ್ ಪುಸ್ತಕ ಓದಿ ಹೇಳತಾನ. ನಾ ಕಣ್ಣಾರೆ ನೋಡೀನಿ. ನಾಳಿ ಮತ್ತ ಹೇಳತೀನಿ ನಾ. ಅಂವ ಒದ್ದಾಡೂದು ನೋಡಿಕೋಂತ ಕೂಡಾಕ ನನ್ನ ಕೈಲಿ ಆಗೂದಿಲ್ಲ."

ಹೇಳಿಯೇ ಹೇಳುತ್ತಾನೆ, ನನಗೆ ಗೊತ್ತಿತ್ತು. ಹೇಳಿ ಬಿಡುವವನೂ ಅಲ್ಲ, ಸೊಸೆ ಅತ್ತಿತ್ತ ಹೋದರೆ ತಾನೇ ಕೀಲಿ ತಿರುಗಿಸುತ್ತಾನೆ. ಪಕ್ಕದ ಮನೆಯ ಮುದುಕರ ಜೀವ ಒಂದು ಕಡೆ, ಅಪ್ಪ ಇಷ್ಟು ವರ್ಷ ಆತುಕೊಂಡು ನಿಂತ ಆ ಒಂದು ಮಾತು ಇನ್ನೊಂದು ಕಡೆ. ನಾನು ಕೈ ತೊಳೆದು ಬಂದು ಅವನೆದುರು ನೆಲದ ಮೇಲೆ ಕೂತೆ.

"ಅಪ್ಪಾ, ಅವತ್ತ ಅವ್ವ ನಿದ್ದಿ ಮಾಡಿರಲಿಲ್ಲ."

"ಮತ್ತ?"

ಹೇಳಿದೆ. ಆಸ್ಪತ್ರೆಯ ಡಾಕ್ಟರು ಹೇಳಿದ್ದನ್ನು, ರಕ್ತದಲ್ಲಿ ಏನಿತ್ತು ಎಂಬುದನ್ನು, ಗುಂಡು ಎಲ್ಲಿತ್ತು ಎಂಬುದನ್ನು. ಅವಳು ಹೇಗೂ ಬಹಳ ದಿನ ಇರುತ್ತಿರಲಿಲ್ಲ ಎಂಬ ಮಾತನ್ನೂ ಹೇಳಿದೆ, ಅದನ್ನು ಎರಡು ಸಲ ಹೇಳಿದೆ. ಅಪ್ಪ ಮುಂದಿದ್ದ ತಾಟನ್ನು ಪಕ್ಕಕ್ಕೆ ಸರಿಸಿದ.

"ಇದು ನಿನಗ ಯಾವಾಗ ಗೊತ್ತಾತು?"

"ಅವತ್ತಽ."

"ಇಷ್ಟು ವರ್ಷ ನೀ ಒಬ್ಬಾಕಿನಽ ಹೊತ್ತುಕೊಂಡು ಅಡ್ಡಾಡಿದೇನು?" ಎಂದ. ನನ್ನ ತಲೆಯ ಮೇಲೆ ಕೈ ಇಟ್ಟ. ಬೈಯುತ್ತಾನೆ, ಕೂಗಾಡುತ್ತಾನೆ, ಅಳುತ್ತಾನೆ ಎಂದು ಏನೇನೋ ಅಂದುಕೊಂಡಿದ್ದೆ. ಇದಕ್ಕೆ ನಾನು ತಯಾರಿರಲಿಲ್ಲ. ಅವ್ವ ಹೋದಾಗ ಅಳದಿದ್ದದ್ದನ್ನೆಲ್ಲ ಅಲ್ಲಿ ಕೂತು ಅತ್ತೆ. ಅಪ್ಪ ಅಳಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ.

"ಒಂದು ಮಾತು ಖರೇ ಹೇಳತೀಯೇನು?"

"ಕೇಳು ಅಪ್ಪಾ."

"ಯಾರಿಗೂ ಹೇಳಿಲ್ಲ ಇದನ್ನ. ಅಕಿ ಕಣ್ಣು ಮುಚ್ಚೂ ಮುಂದ ನನ್ನ ಕೈ ಹಿಡಕೊಂಡ್ಲು. ಬ್ಯಾನಿ ಬಂದಾಗಿಂದ ಅಕಿ ಕೈ ಮಂಜ ಮುಟ್ಟಿದಂಗ ಇರತಿದ್ದು. ಅವತ್ತ ಬೆಚ್ಚಗ ಆಗಿದ್ದು. ಮದಿವ್ಯಾದ ಹೊಸತಿನಾಗ ಇದ್ದಂಗ. ನನ್ನ ಮ್ಯಾಲಿನ ಮಾಯಾ ಅಂತ ತಿಳಕೊಂಡಿದ್ದೆ ನಾ. ಅದೂ ಆ ಗಾಳಿ ಕೆಲಸಽ ಏನು?"

ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ನಾಳಗಳು ಹಿಗ್ಗಿ ಅಂಗೈ ಬೆಚ್ಚಗಾಗುತ್ತದೆ. ಇಂಥ ರೋಗಿಯ ಕೈ ಮುಟ್ಟಿದೊಡನೆ ವೈದ್ಯರಿಗೆ ಅನುಮಾನ ಬರುವುದೇ ಅದರಿಂದ. ಅವ್ವ ಹೋದ ಮೇಲೆ ನಾನು ಹುಡುಕಿ ಹುಡುಕಿ ಓದಿದ ಪುಸ್ತಕಗಳಲ್ಲೆಲ್ಲ ಅದು ಬರೆದಿತ್ತು.

"ಅಲ್ಲ ಅಪ್ಪಾ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದೆ.

ಅಪ್ಪ ನನ್ನ ಮುಖವನ್ನೇ ನೋಡಿದ, ಆಮೇಲೆ ತಲೆಯಾಡಿಸಿದ. ಆ ಮಧ್ಯಾಹ್ನದ ನಿದ್ದೆಯ ಮಾತನ್ನು ಅವನು ಮತ್ತೆ ಯಾರ ಮುಂದೆಯೂ ಎತ್ತಲಿಲ್ಲ. ಅವ್ವನ ಕೈ ಬೆಚ್ಚಗಿತ್ತು ಎಂಬುದನ್ನು ಮಾತ್ರ, ತಾನು ಹೋಗುವ ತನಕ, ನನ್ನೊಬ್ಬಳ ಮುಂದೆ ಆಗಾಗ ಹೇಳುತ್ತಿದ್ದ.